ಬಾಹ್ಯಾಕಾಶದ ಘಾಟಿ ಇಳಿಯುವ ಲಾರಿ

ನನ್ನ ಚಿಕ್ಕಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಹಾಸನದ ಕ್ಯೂರಿಂಗ್ ವರ್ಕ್ಸ್‌ನಿಂದ ಕಾಫಿ ಮೂಟೆ ಹೇರಿಕೊಂಡು, ಸಕಲೇಶಪುರ ದಾಟಿ, ಮಾರನಹಳ್ಳಿಯಿಂದ ಗುಂಡ್ಯದವರೆಗೆ ಶಿರಾಡಿ ಇಳಿದು ಮಂಗಳೂರು ಬಂದರು ಸೇರುವುದು ಅವರ ಕೆಲಸ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜಾರಿ ರಸ್ತೆ ಬಂದ್ ಆದರೆ, ದೊಡ್ಡ ಲಾರಿಗಳನ್ನು ಬಿಡುತ್ತಿದ್ದ ಆ ಕಾಲದಲ್ಲಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಹಿಡಿಯುತ್ತಿದ್ದರು. ಈಗ ಮನೆಯಲ್ಲಿದ್ದಾರೆ, ಮೊಬೈಲಿನಲ್ಲಿ ವಿಡಿಯೊ ನೋಡುತ್ತಾರೆ. ಮೊನ್ನೆ ಅವರ ಕಣ್ಣಿಗೆ ಒಂದು ವಿಚಿತ್ರ ಗಾಡಿ ಬಿದ್ದಿದೆ. ಮೊಂಡು ಮೂತಿ, ಮೇಲಕ್ಕೆ ಮಡಚಿದ ಗಿಡ್ಡ ರೆಕ್ಕೆ, ಹೊಟ್ಟೆ ಪೂರ್ತಿ ಕಪ್ಪು. ಅದನ್ನು ಒಂದು ಟ್ರಕ್ಕಿನ ಹಿಂದೆ ಕಟ್ಟಿ ರನ್‌ವೇ ಮೇಲೆ ಜೋರಾಗಿ ಎಳೆಯುತ್ತಿದ್ದಾರೆ.

‘ಇದೇನ್ಲಾ ಇದು? ವಿಮಾನ ಅಂತಾರೆ, ಎಳ್ಯೋದು ಲಾರಿ!’ ಎಂದು ನನ್ನನ್ನು ಕೇಳಿದರು.

ಅದರ ಹೆಸರು ಡ್ರೀಮ್ ಚೇಸರ್. ಅಮೆರಿಕದ ಸಿಯೆರಾ ಸ್ಪೇಸ್ ಎಂಬ ಕಂಪನಿ ಕಟ್ಟಿರುವ ಸರಕು ಸಾಗಣೆಯ ಬಾಹ್ಯಾಕಾಶ ವಿಮಾನ. ಉದ್ದ ಸುಮಾರು 9 ಮೀಟರ್, ಅಂದರೆ ನಮ್ಮ ಕೆಂಪು ಬಸ್ಸಿಗಿಂತ ತುಸು ಗಿಡ್ಡ. ಒಳಗೆ ಪೈಲಟ್ ಇಲ್ಲ. ರಾಕೆಟ್ಟಿನ ತುದಿಯಲ್ಲಿ ಕೂತು ಮೇಲೆ ಹೋಗಬೇಕು, ಕೆಲಸ ಮುಗಿಸಿ ವಿಮಾನದಂತೆ ರನ್‌ವೇಗೆ ಬಂದಿಳಿಯಬೇಕು, ತೊಳೆದು ಒರೆಸಿ ರಿಪೇರಿ ಮಾಡಿದರೆ ಮತ್ತೆ ಹೋಗಬೇಕು. ಕನಿಷ್ಠ 15 ಸಲ ಹಾರಲಿ ಎಂಬ ಲೆಕ್ಕದಲ್ಲಿ ವಿನ್ಯಾಸ ಮಾಡಿದ್ದಾರೆ. ಮೊದಲ ಗಾಡಿಗೆ ಇಟ್ಟಿರುವ ಹೆಸರು ಟೆನಾಸಿಟಿ. ಬಿಡದ ಹಠ ಎನ್ನಬಹುದು. ಇದು ನಡೆದುಬಂದ ದಾರಿ ನೋಡಿದರೆ ಹೆಸರು ಸರಿಯಾಗಿಯೇ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಚಿಕ್ಕಪ್ಪನಿಗೆ ಇದನ್ನು ಅರ್ಥಮಾಡಿಸಲು ನಾನು ಹೆಚ್ಚು ಕಷ್ಟಪಡಲಿಲ್ಲ. ಘಾಟಿ ಇಳಿಸಿದವರಿಗೆ ಇದರ ಮುಕ್ಕಾಲು ಭಾಗ ಆಗಲೇ ಗೊತ್ತಿರುತ್ತದೆ.

ಹಾಸನದವರಿಗೆ ಉಪಗ್ರಹ ಹೊಸದೇನಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಊರಿನ ಬಾಯಲ್ಲಿ ಅದು ಬರೀ ‘ಎಂಸಿಎಫ್’. ಇನ್ಸಾಟ್ ಕಾಲದಿಂದಲೂ ನಮ್ಮ ದೇಶದ ಸಂಪರ್ಕ ಉಪಗ್ರಹಗಳನ್ನು ಅಲ್ಲಿನ ದೊಡ್ಡ ಡಿಶ್‌ಗಳೇ ಕಾಯುತ್ತ ಬಂದಿವೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಆ ಉಪಗ್ರಹಗಳು ಒಂದು ಸಲ ಹೋದರೆ ಹೋದವೇ. ಇಂಧನ ಮುಗಿಯುವ ಹೊತ್ತಿಗೆ ಅವನ್ನು ಇನ್ನೂ ಇನ್ನೂರು ಮುನ್ನೂರು ಕಿಲೋಮೀಟರ್ ಮೇಲಕ್ಕೆ ತಳ್ಳಿ, ಸ್ವಿಚ್ ಆರಿಸಿ ಬಿಟ್ಟುಬಿಡುತ್ತಾರೆ. ಆ ಜಾಗಕ್ಕೆ ಸ್ಮಶಾನ ಕಕ್ಷೆ ಎಂದೇ ಹೆಸರು. ನಲವತ್ತು ವರ್ಷಕ್ಕೂ ಮಿಕ್ಕಿ ಆಕಾಶದ ಜೊತೆ ಮಾತಾಡಿಕೊಂಡಿರುವ ಊರು ನಮ್ಮದು. ಆದರೆ ಇಲ್ಲಿಂದ ಮಾತಾಡಿಸಿದ ಯಾವ ಉಪಗ್ರಹವೂ ಮನೆಗೆ ವಾಪಸ್ ಬಂದಿಲ್ಲ.

ಬರಬೇಕಾಗಿಯೂ ಇರಲಿಲ್ಲ. ಟಿವಿ ಸಿಗ್ನಲ್ ಕಳಿಸುವ ಪೆಟ್ಟಿಗೆ ವಾಪಸ್ ಬಂದು ಮಾಡುವುದೇನಿದೆ? ಆದರೆ 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಥೆ ಬೇರೆ. ಅಲ್ಲಿ ಮನುಷ್ಯರಿದ್ದಾರೆ, ಪ್ರಯೋಗ ನಡೆಯುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಬೆಳೆಸಿದ ಪ್ರೋಟೀನ್ ಹರಳು, ಜೀವಕೋಶ, ರಕ್ತದ ಮಾದರಿ, ಕೆಟ್ಟುಹೋದ ಯಂತ್ರದ ಭಾಗ ಎಲ್ಲವೂ ನೆಲಕ್ಕೆ ಬಂದು ಪ್ರಯೋಗಾಲಯದ ಮೇಜಿನ ಮೇಲೆ ಕೂತರೆ ಮಾತ್ರ ಮಾಡಿದ ಕೆಲಸಕ್ಕೆ ಬೆಲೆ. ನಿಲ್ದಾಣಕ್ಕೆ ಸಾಮಾನು ಒಯ್ಯುವ ಗಾಡಿಗಳು ಹಲವು ಇವೆ. ರಷ್ಯಾದ ಪ್ರೋಗ್ರೆಸ್, ಅಮೆರಿಕದ ಸಿಗ್ನಸ್‌ನಂಥವು ಕೊನೆಗೆ ನಿಲ್ದಾಣದ ಕಸ ತುಂಬಿಕೊಂಡು ವಾತಾವರಣದಲ್ಲಿ ಉರಿದುಹೋಗುತ್ತವೆ. ದೊಡ್ಡ ಮಟ್ಟದಲ್ಲಿ ಸಾಮಾನು ವಾಪಸ್ ತರುತ್ತಿರುವುದು ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ಒಂದೇ. ಅದು ಪ್ಯಾರಾಚೂಟ್ ಬಿಚ್ಚಿಕೊಂಡು ಸಮುದ್ರಕ್ಕೆ ಬೀಳುವ ಕ್ಯಾಪ್ಸೂಲ್. ಡ್ರೀಮ್ ಚೇಸರ್‌ಗೆ ಹುಡುಕುತ್ತಿರುವ ಕೆಲಸ ಇಲ್ಲಿದೆ. ನನ್ನ ಲೆಕ್ಕದಲ್ಲಿ ಅದು ಮೇಲೆ ಹೋಗಲು ಕಟ್ಟಿದ ಗಾಡಿಯೇ ಅಲ್ಲ. ಹತ್ತಿಸುವ ಕೆಲಸ ರಾಕೆಟ್ಟಿನದು, ಇದು ಇಳಿಯಲು ಕಟ್ಟಿದ ಗಾಡಿ.

‘ಹತ್ಸೋದು ಯಾರ್ ಬೇಕಾದ್ರೂ ಹತ್ಸ್ತಾರೆ ಕಣ್ಲಾ. ಇಳ್ಸೋದ್ರಲ್ಲಿರೋದು ಡ್ರೈವರ್‌ಗಾರಿಕೆ’ ಎಂದು ಚಿಕ್ಕಪ್ಪ ಕ್ಲೀನರ್ ಹುಡುಗರಿಗೆ ಹೇಳುತ್ತಿದ್ದರು. ಹತ್ತುವಾಗ ಎಂಜಿನ್ನಿಗೆ ಕಷ್ಟ, ಇಳಿಯುವಾಗ ಬ್ರೇಕಿಗೆ. ಗುಂಡ್ಯ ತಲುಪುವ ಹೊತ್ತಿಗೆ ಡ್ರಮ್ಮಿನ ಮೇಲೆ ನೀರು ಹಾಕಿದರೆ ಚೊಯ್ ಎನ್ನುತ್ತಿತ್ತು, ಲೈನರ್ ಸುಟ್ಟ ವಾಸನೆ ಕ್ಯಾಬಿನ್ನಿಗೂ ಬರುತ್ತಿತ್ತು. ಆ ಬಿಸಿ ಎಲ್ಲಿಂದ ಬಂತು? ಮಾರನಹಳ್ಳಿಯ ಎತ್ತರದಲ್ಲಿ ಲಾರಿಯ ಬಳಿ ಇದ್ದ ಶಕ್ತಿಯೇ ಕೆಳಗೆ ಬರುವಾಗ ಬ್ರೇಕಿನಲ್ಲಿ ಶಾಖವಾಗಿ ಹೊರಬಿತ್ತು. ಶಕ್ತಿ ಎಲ್ಲಾದರೂ ಹೋಗಲೇಬೇಕು. ಸುಮ್ಮನೆ ಮಾಯವಾಗುವುದಿಲ್ಲ.

ಬಾಹ್ಯಾಕಾಶದಿಂದ ಇಳಿಯುವಾಗಲೂ ಇದೇ ಲೆಕ್ಕ, ಅಂಕಿ ಮಾತ್ರ ತಲೆ ತಿರುಗಿಸುವಂಥದ್ದು. ನಿಲ್ದಾಣ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಸೆಕೆಂಡಿಗೆ ಏಳೂಮುಕ್ಕಾಲು ಕಿಲೋಮೀಟರ್. ‘ಹಾಸನ’ ಎಂದು ಬಾಯಿ ಬಿಟ್ಟು ಮುಚ್ಚುವಷ್ಟರಲ್ಲಿ ಊರು ದಾಟಿರುತ್ತದೆ. ಈ ವೇಗದಲ್ಲಿ ಹೋಗುವ ಒಂದೇ ಒಂದು ಕಿಲೋ ಕಾಫಿಬೀಜದೊಳಗಿನ ಚಲನಶಕ್ತಿ ಸುಮಾರು 30 ಮೆಗಾಜೂಲ್. ಅಷ್ಟು ಶಕ್ತಿಯಿಂದ ಬಚ್ಚಲುಮನೆಯ ದೊಡ್ಡ ಹಂಡೆಯಷ್ಟು, ಅಂದಾಜು 95 ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ಕಿಲೋಗೆ ಒಂದು ಹಂಡೆ! ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವ ಲಾರಿಯೊಳಗಿನ ಅದೇ ಒಂದು ಕಿಲೋಗೆ ಹೋಲಿಸಿದರೆ ಇದು ಎರಡು ಲಕ್ಷ ಪಟ್ಟಿಗೂ ಹೆಚ್ಚು.

ಇಲ್ಲಿ ಬಹಳ ಜನ ಎಡವುತ್ತಾರೆ. ಬಾಹ್ಯಾಕಾಶದಿಂದ ಇಳಿಯುವುದು ಕಷ್ಟವಾಗಿರುವುದು ಎತ್ತರದಿಂದಾಗಿ ಎಂದುಕೊಳ್ಳುತ್ತಾರೆ. 400 ಕಿಲೋಮೀಟರ್ ಎತ್ತರ ಕೊಡುವ ಶಕ್ತಿ ಕಿಲೋಗೆ ನಾಲ್ಕು ಮೆಗಾಜೂಲ್‌ಗೂ ಕಡಿಮೆ, ವೇಗದ್ದರ ಎಂಟನೇ ಒಂದು ಪಾಲು. ಎತ್ತರ ದೊಡ್ಡ ಮಾತಲ್ಲ, ವೇಗವೇ ಘಾಟಿ.

ಹಳೇ ಡ್ರೈವರುಗಳ ಇನ್ನೊಂದು ಮಾತಿದೆ: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಉಳಿಯುತ್ತದೆ. ಇದನ್ನೇ ಮೇಲೆಯೂ ಯಾಕೆ ಮಾಡಬಾರದು ಎಂದು ಚಿಕ್ಕಪ್ಪ ಕೇಳಿದರು. ರಾಕೆಟ್ಟನ್ನು ತಿರುಗಿಸಿ ಹಿಂದಕ್ಕೆ ಉರಿಸಿದರೆ ವೇಗ ತಗ್ಗುವುದಿಲ್ಲವೇ? ತಗ್ಗುತ್ತದೆ. ಆದರೆ ಆ ಪೂರ್ತಿ ವೇಗ ಕೊಡಲು 60 ಮೀಟರಿಗೂ ಎತ್ತರದ ರಾಕೆಟ್ ಬೇಕಾಯಿತು. ಕಳೆಯಲೂ ಮತ್ತೊಂದು ದೊಡ್ಡ ರಾಕೆಟ್ಟನ್ನೇ ಮೇಲಕ್ಕೆ ಒಯ್ಯಬೇಕು, ಅದನ್ನು ಒಯ್ಯಲು ಅದರಪ್ಪನಂಥ ರಾಕೆಟ್ ಬೇಕು. ಡೀಸೆಲ್ ಟ್ಯಾಂಕರನ್ನು ಇಳಿಸಲು ಹತ್ತು ಡೀಸೆಲ್ ಟ್ಯಾಂಕರ್ ಜೊತೆಗಿಟ್ಟುಕೊಂಡ ಹಾಗೆ. ಅದಕ್ಕೇ ಗಾಡಿ ತನ್ನ ಸಣ್ಣ ಎಂಜಿನ್‌ಗಳಿಂದ ವೇಗದ ನೂರನೇ ಒಂದು ಪಾಲಿನಷ್ಟನ್ನು ಮಾತ್ರ ಕಡಿಮೆ ಮಾಡುತ್ತದೆ. ಅಷ್ಟಕ್ಕೇ ಅದರ ದಾರಿ ಬಾಗಿ ವಾತಾವರಣದ ಅಂಚಿಗೆ ತಗುಲುತ್ತದೆ. ಉಳಿದ ತೊಂಬತ್ತೊಂಬತ್ತು ಪಾಲಿಗೆ ಗಾಳಿಯೇ ಬ್ರೇಕು. ಬಿಟ್ಟಿ ಬ್ರೇಕು, ಆದರೆ ಸುಡುವ ಬ್ರೇಕು.

ಸುಡುವುದು ಯಾಕೆ? ತಿಕ್ಕಾಟದಿಂದ ಎಂದು ಶಾಲೆಯಲ್ಲಿ ನನಗೂ ಹೇಳಿಕೊಟ್ಟಿದ್ದರು. ಅದು ಅರ್ಧ ಸತ್ಯ. ಸೈಕಲ್ಲಿಗೆ ಪಂಪು ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೆನಪಿಸಿಕೊಳ್ಳಿ. ಅದರ ಬಹುಪಾಲು ಗಾಳಿಯನ್ನು ಒಮ್ಮೆಲೇ ಒತ್ತಿದ್ದರಿಂದ ಹುಟ್ಟಿದ ಬಿಸಿ. ಸೆಕೆಂಡಿಗೆ ಏಳೂಮುಕ್ಕಾಲು ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿಯ ಮುಂದೆ ಗಾಳಿಗೆ ಪಕ್ಕಕ್ಕೆ ಸರಿಯಲು ಪುರಸೊತ್ತೇ ಸಿಗುವುದಿಲ್ಲ. ಅದು ಒತ್ತಿಕೊಂಡು, ಒಂದು ಗೋಡೆಯಂತೆ ನಿಂತು, ಸಾವಿರಾರು ಡಿಗ್ರಿಗೆ ಏರುತ್ತದೆ. ಈ ಗೋಡೆಗೆ ಆಘಾತ ತರಂಗ ಎನ್ನುತ್ತಾರೆ. ಉಪಾಯ ಇರುವುದು ಇಲ್ಲೇ. ಗಾಡಿಯ ಮೂತಿ ಸೂಜಿಯಂತೆ ಚೂಪಾಗಿದ್ದರೆ ಆ ಬಿಸಿ ಗೋಡೆ ಮೂತಿಗೇ ಅಂಟಿಕೊಂಡು ಸುಡುತ್ತದೆ. ಮೊಂಡಾಗಿದ್ದರೆ ಗೋಡೆ ಸ್ವಲ್ಪ ದೂರ ಸರಿದು ನಿಲ್ಲುತ್ತದೆ, ಹೆಚ್ಚಿನ ಬಿಸಿ ಗಾಳಿಯ ಜೊತೆಗೇ ಪಕ್ಕಕ್ಕೆ ಹರಿದುಹೋಗುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಜೂಲಿಯನ್ ಆಲೆನ್ ಎಂಬ ಎಂಜಿನಿಯರ್ ಇದನ್ನು ಕಂಡುಕೊಂಡರು. ಅಲ್ಲಿಯವರೆಗೆ ವೇಗವಾಗಿ ಹೋಗುವುದೆಲ್ಲ ಚೂಪಾಗಿರಬೇಕು ಎಂದೇ ಎಲ್ಲರೂ ನಂಬಿದ್ದರು. ಡ್ರೀಮ್ ಚೇಸರ್‌ನ ಮುಖ ಮೊಸಳೆಮರಿಯ ಹಾಗೆ ಮೊಂಡಾಗಿರುವುದು ಅಂದಕ್ಕಲ್ಲ.

ಮೂತಿ ಎಷ್ಟೇ ಮೊಂಡಾದರೂ ಗಾಡಿಯ ಮೈಗೆ ತಾಗುವ ಶಾಖ 1,600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಬ್ಬಿಣ ಕರಗುವುದು 1,538ಕ್ಕೆ. ಅದಕ್ಕೆ ಹೊದಿಕೆಯಾಗಿ ಸುಮಾರು 2,000 ಹೆಂಚು. ಹೌದು, ಹೆಂಚೇ. ಮಂಗಳೂರು ಹೆಂಚಿನಂತೆ ಎಲ್ಲವೂ ಒಂದೇ ಅಚ್ಚಿನವಲ್ಲ. ಮೈಯ ಬಾಗು ಒಂದೊಂದು ಕಡೆ ಒಂದೊಂದು ತರ ಇರುವುದರಿಂದ ಪ್ರತಿ ಹೆಂಚನ್ನೂ ಅದರ ಜಾಗಕ್ಕೆ ತಕ್ಕಂತೆ ಕೊರೆದು, ಕೈಯಿಂದ ಅಂಟಿಸಬೇಕು. ಸಿಲಿಕಾ ನಾರಿನಿಂದ ಮಾಡಿದ ಈ ಹೆಂಚು ಹತ್ತಿಯಂತೆ ಹಗುರ, ಹೆಚ್ಚು ಭಾಗ ಒಳಗೆ ಬರೀ ಖಾಲಿ ಜಾಗ. ಮೇಲ್ಮೈ ಕೆಂಪಗೆ ಕಾದರೂ ಹಿಂದಿನ ಮೈಗೆ ಶಾಖ ದಾಟುವುದು ಬಹಳ ನಿಧಾನ.

ಹೆಂಚಿನ ವಿಷಯ ಬಂದರೆ ಹಳೆಯ ಸ್ಪೇಸ್ ಷಟಲ್ ನೆನಪಾಗದೆ ಇರದು. 1981ರಿಂದ 2011ರವರೆಗೆ 135 ಸಲ ಹಾರಿದ ಆ ದೊಡ್ಡಣ್ಣನ ಮೈಮೇಲೆ ಸುಮಾರು 24,000 ಹೆಂಚುಗಳಿದ್ದವು. ಪ್ರತಿ ಸಲ ಇಳಿದಾಗಲೂ ಒಂದೊಂದನ್ನೇ ಮುಟ್ಟಿ ನೋಡಬೇಕಿತ್ತು. ವಾರಕ್ಕೊಂದು ಹಾರಾಟ ಎಂದು ಕನಸು ಕಂಡವರು ವರ್ಷಕ್ಕೆ ನಾಲ್ಕೈದಕ್ಕೆ ಇಳಿದರು. ಮತ್ತೆ ಬಳಸಬಹುದಾದ ಗಾಡಿ ಅಂದ ಮಾತ್ರಕ್ಕೆ ಅಗ್ಗದ ಗಾಡಿ ಎಂದಲ್ಲ. ಲಾರಿ ರಸ್ತೆಯ ಮೇಲಿದ್ದರೆ ದುಡಿಮೆ, ಗ್ಯಾರೇಜಿನಲ್ಲಿದ್ದರೆ ಸಾಲ. ಡ್ರೀಮ್ ಚೇಸರ್ ಗಾತ್ರದಲ್ಲಿ ಷಟಲ್‌ನ ಕಾಲುಭಾಗದಷ್ಟು, ಹೆಂಚು ಹನ್ನೆರಡನೇ ಒಂದು ಪಾಲು. ಆ ಮಟ್ಟಿಗೆ ಗ್ಯಾರೇಜಿನ ಹೊತ್ತು ಕಡಿಮೆಯಾಗಬೇಕು. ಆದೀತೇ ಎಂಬುದು ಎರಡನೇ ಹಾರಾಟದಲ್ಲಿ ತಿಳಿಯುತ್ತದೆ, ಮೊದಲನೆಯದರಲ್ಲಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಷಟಲ್ ತನ್ನ ಇಂಧನ ಟ್ಯಾಂಕಿನ ಪಕ್ಕಕ್ಕೆ ಅಂಟಿಕೊಂಡು ಮೇಲೇರುತ್ತಿತ್ತು. 2003ರ ಜನವರಿ 16ರಂದು ಕೊಲಂಬಿಯಾ ಎಂಬ ಷಟಲ್ ಏರುವಾಗ ಟ್ಯಾಂಕಿನಿಂದ ಕಳಚಿದ ಒಂದು ತುಂಡು ಫೋಮ್ ಎಡರೆಕ್ಕೆಯ ಅಂಚಿಗೆ ಬಡಿದು ತೂತು ಮಾಡಿತು. ಮೇಲಿದ್ದ ಹದಿನಾರು ದಿನ ಏನೂ ಆಗಲಿಲ್ಲ. ಫೆಬ್ರವರಿ 1ರಂದು ಇಳಿಯುವಾಗ ಆ ತೂತಿನಿಂದ ಬೆಂಕಿಯಂಥ ಗಾಳಿ ಒಳನುಗ್ಗಿ ಗಾಡಿ ಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಡ್ರೀಮ್ ಚೇಸರ್ ಕೂರುವುದು ರಾಕೆಟ್ಟಿನ ತುದಿಯಲ್ಲಿ, ಅದೂ ಮುಚ್ಚಳದೊಳಗೆ, ರೆಕ್ಕೆ ಮಡಚಿಕೊಂಡು. ಮೇಲಿಂದ ಬೀಳಲು ಏನೂ ಇರುವುದಿಲ್ಲ. ಮೇಲೆ ಹೋಗಿ ಮುಚ್ಚಳ ಕಳಚಿದ ಮೇಲಷ್ಟೇ ರೆಕ್ಕೆ ಬಿಚ್ಚುತ್ತದೆ.

ಈಗ ಘಾಟಿಯ ತಿರುವಿಗೆ ಬರೋಣ. ಚಾರ್ಮಾಡಿಯಲ್ಲಿ ಆ ಹೇರ್‌ಪಿನ್ ತಿರುವುಗಳು ಯಾಕಿವೆ? ಗುಡ್ಡದ ತುದಿಯಿಂದ ಬುಡಕ್ಕೆ ನೇರ ರಸ್ತೆ ಎಳೆದರೆ ದೂರ ಕಡಿಮೆಯಾಗುತ್ತಿತ್ತು, ಆದರೆ ಯಾವ ಬ್ರೇಕೂ ತಡೆಯುತ್ತಿರಲಿಲ್ಲ. ಸುತ್ತಿಸಿ ಸುತ್ತಿಸಿ ರಸ್ತೆಯನ್ನು ಉದ್ದ ಮಾಡಿದರೆ ಇಳಿಜಾರು ಕಡಿಮೆ, ಬ್ರೇಕಿಗೆ ಆರಲು ಹೊತ್ತು ಸಿಗುತ್ತದೆ. ಕಳೆಯಬೇಕಾದ ಶಕ್ತಿ ಅಷ್ಟೇ, ಕಳೆಯುವ ಸಮಯ ಹೆಚ್ಚು.

ಕ್ಯಾಪ್ಸೂಲಿಗೂ ಬಾಹ್ಯಾಕಾಶ ವಿಮಾನಕ್ಕೂ ಇರುವ ವ್ಯತ್ಯಾಸ ಪೂರ್ತಿ ಇದರಲ್ಲೇ ಇದೆ. ಕ್ಯಾಪ್ಸೂಲ್ ಹೆಚ್ಚುಕಡಿಮೆ ನೇರ ರಸ್ತೆ ಹಿಡಿಯುತ್ತದೆ. ದಟ್ಟ ಗಾಳಿಗೆ ಬೇಗ ನುಗ್ಗುತ್ತದೆ, ನಾಲ್ಕೈದು ನಿಮಿಷದಲ್ಲಿ ಬಹುಪಾಲು ವೇಗ ಕಳೆದುಕೊಳ್ಳುತ್ತದೆ. ಒಳಗಿದ್ದವರಿಗೆ ತಮ್ಮ ತೂಕದ ಸುಮಾರು ನಾಲ್ಕು ಪಟ್ಟು ಭಾರ ಎದೆಯ ಮೇಲೆ ಕೂತಂತೆ. ಡ್ರೀಮ್ ಚೇಸರ್ ಗಾಳಿಯ ಮೇಲೆ ಹೊಟ್ಟೆ ಕೊಟ್ಟು, ಮೂತಿ ಎತ್ತಿಕೊಂಡು ಬರುತ್ತದೆ. ಗಾಳಿ ಅದನ್ನು ತಡೆಯುವುದಷ್ಟೇ ಅಲ್ಲ, ಸ್ವಲ್ಪ ಮೇಲಕ್ಕೂ ಎತ್ತಿ ಹಿಡಿಯುತ್ತದೆ. ಹೀಗಾಗಿ ತೆಳುಗಾಳಿಯಲ್ಲೇ ಹೆಚ್ಚು ಹೊತ್ತು ತೇಲುತ್ತ ವೇಗ ಕಳೆಯುತ್ತದೆ. ಇನ್ನೂ ಶಕ್ತಿ ಮಿಕ್ಕಿದ್ದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಹಾವಿನ ಹಾಗೆ ತಿರುವು ಹಾಕುತ್ತದೆ. ಷಟಲ್ ಕೂಡ ಹೀಗೇ ಮಾಡುತ್ತಿತ್ತು. ಅರವತ್ತು ಎಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ, ರಸ್ತೆಯೇ ಇಲ್ಲದ ಕಡೆ, ಚಾರ್ಮಾಡಿಯ ತಿರುವುಗಳು! ಹೀಗೆ ಬಂದರೆ ಒಳಗಿನ ಸಾಮಾನಿಗೆ ತಗಲುವ ಭಾರ ಒಂದೂವರೆ ಪಟ್ಟಿಗಿಂತ ಹೆಚ್ಚಾಗುವುದಿಲ್ಲ ಎಂಬುದು ಲೆಕ್ಕ. ಮೇಲೆ ಜತನದಿಂದ ಬೆಳೆಸಿದ ಹರಳು ಬಿರುಕು ಬಿಡದಂತೆ ತರಲು ಇಂಥ ಇಳಿಕೆಯೇ ಚೆಂದ.

ಈ ಗಾಡಿಗೆ ರೆಕ್ಕೆ ಇಷ್ಟು ಗಿಡ್ಡ ಯಾಕೆ ಎಂದೂ ಕೇಳಬಹುದು. ಉದ್ದನೆಯ ತೆಳು ರೆಕ್ಕೆ ಆ ಬಿಸಿಗೆ ಮೊದಲು ಬಲಿಯಾಗುವ ಅಂಗ. ಅದಕ್ಕೆ ಮೈಯನ್ನೇ ರೆಕ್ಕೆ ಮಾಡಿದ್ದಾರೆ. ಕೆಳಗೆ ಚಪ್ಪಟೆ, ಮೇಲೆ ಉಬ್ಬು. ತೇಲಿಸುವ ಬಲದ ಬಹುಪಾಲು ಮೈಯಿಂದಲೇ ಬರುತ್ತದೆ. ಈ ಯೋಚನೆಗೆ ಅರವತ್ತು ವರ್ಷ ದಾಟಿದೆ. 1963ರಲ್ಲಿ ನಾಸಾದವರು ಪ್ಲೈವುಡ್ ಹೊದಿಸಿ ಎಂ2-ಎಫ್1 ಎಂಬ, ಸ್ನಾನದ ತೊಟ್ಟಿಗೆ ಚಕ್ರ ಕಟ್ಟಿದಂತಿದ್ದ ಗಾಡಿ ಮಾಡಿ, ಕ್ಯಾಲಿಫೋರ್ನಿಯಾದ ಒಣಕೆರೆಯ ಮೇಲೆ ಪಾಂಟಿಯಾಕ್ ಕಾರಿಗೆ ಕಟ್ಟಿ ಎಳೆದು ಹಾರಿಸಿದ್ದರು. ಆಗ ಕಾರು, ಈಗ ಟ್ರಕ್. ಚಿಕ್ಕಪ್ಪ ನಕ್ಕರೂ ಅದು ತಮಾಷೆಯ ಪರೀಕ್ಷೆ ಅಲ್ಲ. ರನ್‌ವೇಗೆ ಇಳಿದು ಓಡುವಾಗ ದಾರಿ ಕಾಣಲು ಬೇಕಾದ ಮಾಹಿತಿಯನ್ನು ಗಾಡಿ ಸರಿಯಾಗಿ ದಾಖಲಿಸಿಕೊಳ್ಳುತ್ತದೆಯೇ ಎಂದು ಹಾರಿಸದೆಯೇ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನು ಈ ಆಕಾರದ ವಂಶಾವಳಿಯಲ್ಲಿ ಒಂದು ಪತ್ತೇದಾರಿ ಕಥೆ ಇದೆ, ಅದೂ ನಮ್ಮ ಹಿಂದೂ ಮಹಾಸಾಗರದಲ್ಲೇ ನಡೆದದ್ದು. 1980ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟ ಬೋರ್-4 ಎಂಬ ಪುಟ್ಟ ಬಾಹ್ಯಾಕಾಶ ವಿಮಾನವನ್ನು ಗುಟ್ಟಾಗಿ ಪರೀಕ್ಷಿಸುತ್ತಿತ್ತು. ಅದು ಸಾಗರಕ್ಕೆ ಬಿದ್ದಾಗ ಸೋವಿಯತ್ ಹಡಗುಗಳು ಎತ್ತಿಕೊಳ್ಳುತ್ತಿದ್ದವು. 1983ರಲ್ಲಿ ಹಾಗೆ ಎತ್ತುವಾಗ ಆಸ್ಟ್ರೇಲಿಯಾದ ಗಸ್ತು ವಿಮಾನವೊಂದು ಮೇಲಿಂದ ಫೋಟೊ ಹೊಡೆಯಿತು. ಆ ಫೋಟೊಗಳನ್ನು ನೋಡಿ ನಾಸಾದ ಲ್ಯಾಂಗ್ಲಿ ಕೇಂದ್ರದವರು ಮಾದರಿ ಮಾಡಿ, ಗಾಳಿ ಸುರಂಗದಲ್ಲಿಟ್ಟು ನೋಡಿದರೆ ಆಕಾರ ಅದ್ಭುತವಾಗಿ ಕೆಲಸ ಮಾಡುತ್ತಿದೆ! ಅದರಿಂದ ಎಚ್‌ಎಲ್-20 ಎಂಬ ವಿನ್ಯಾಸ ಹುಟ್ಟಿತು. ಅದು ಹಾರಲಿಲ್ಲ, ಮಾದರಿಯ ಹಂತದಲ್ಲೇ ಉಳಿಯಿತು. ಅದರ ಮೊಮ್ಮಗನೇ ಡ್ರೀಮ್ ಚೇಸರ್.

ಹಠದ ಕಥೆ ಹೇಳುತ್ತೇನೆ ಎಂದಿದ್ದೆ. ಮೊದಲು ಇದು ಮನುಷ್ಯರನ್ನು ಒಯ್ಯಲು ಹೊರಟ ಗಾಡಿ. 2013ರ ಅಕ್ಟೋಬರ್‌ನಲ್ಲಿ ಮಾದರಿಯೊಂದನ್ನು ಹೆಲಿಕಾಪ್ಟರಿನಿಂದ ಬೀಳಿಸಿ ಹಾರಿಸಿ ನೋಡಿದರು. ಚೆನ್ನಾಗಿಯೇ ತೇಲಿ ಬಂತು, ಆದರೆ ಎಡಚಕ್ರ ಬಿಚ್ಚಿಕೊಳ್ಳದೆ ರನ್‌ವೇಯಿಂದ ಜಾರಿಹೋಯಿತು. 2014ರಲ್ಲಿ ಗಗನಯಾತ್ರಿಗಳನ್ನು ಒಯ್ಯುವ ಗುತ್ತಿಗೆಯನ್ನು ನಾಸಾ ಬೋಯಿಂಗ್ ಮತ್ತು ಸ್ಪೇಸ್‌ಎಕ್ಸ್‌ಗೆ ಕೊಟ್ಟಿತು. ಇವರ ತಕರಾರೂ ಬಿದ್ದುಹೋಯಿತು. ಮನುಷ್ಯರು ಬೇಡವಾದರೆ ಸಾಮಾನು ಸಾಗಿಸುತ್ತೇವೆ ಎಂದು ಕುರ್ಚಿ ಕಿತ್ತುಹಾಕಿ ಮತ್ತೆ ಅರ್ಜಿ ಹಾಕಿದರು. 2016ರ ಜನವರಿಯಲ್ಲಿ ಗುತ್ತಿಗೆ ಸಿಕ್ಕಿತು. 2017ರ ನವೆಂಬರ್‌ನಲ್ಲಿ ಮತ್ತೆ ಬೀಳಿಸಿ ನೋಡಿದಾಗ ಸರಿಯಾಗಿ ಇಳಿಯಿತು. ಅಲ್ಲಿಂದ ಮುಂದೆ ಇವತ್ತು ನಾಳೆ ಎಂದು ವರ್ಷಗಳು ಹೋದವು.

ಸಾಮಾನಿನ ಗಾಡಿಯಾದ ಮೇಲೆ ಜಾಗ ಸಾಲದೆ ಹಿಂಭಾಗಕ್ಕೆ ಒಂದು ಟ್ರೇಲರ್ ಕಟ್ಟಿದ್ದಾರೆ. ಹೆಸರು ಶೂಟಿಂಗ್ ಸ್ಟಾರ್, ಉಲ್ಕೆ. ಸುಮಾರು ನಾಲ್ಕೂವರೆ ಮೀಟರ್ ಉದ್ದ, ಮೈಮೇಲೆ ಸೌರಫಲಕ. ಎರಡೂ ಸೇರಿ 5 ಟನ್ನಿಗೂ ಹೆಚ್ಚು ಸಾಮಾನು ಒಯ್ಯಬಲ್ಲವು. ಹೆಸರೇ ಹೇಳುವಂತೆ ಈ ಟ್ರೇಲರ್ ವಾಪಸ್ ಬರುವುದಿಲ್ಲ. ನಿಲ್ದಾಣದ ಕಸ ತುಂಬಿಸಿ, ಇಳಿಯುವ ಮೊದಲು ಕಳಚಿ, ಉರಿಯಲು ಬಿಡುತ್ತಾರೆ. ಬೇಕಾದ ಸಾಮಾನು ಮಾತ್ರ, ಒಂದೂವರೆ ಟನ್ನಿಗಿಂತ ತುಸು ಹೆಚ್ಚು, ವಿಮಾನದ ಹೊಟ್ಟೆಯಲ್ಲಿ ಮನೆಗೆ ಬರುತ್ತದೆ. ಮೇಲೆ ಕಳಿಸುವ ವಲ್ಕನ್ ರಾಕೆಟ್ಟೂ ಒಂದೇ ಸಲದ್ದು. ಹಾಗಾಗಿ ‘ಮರುಬಳಕೆಯ ವಿಮಾನ’ ಎಂದು ಓದಿದಾಗ, ಮರುಬಳಕೆ ಆಗುವುದು ಇಡೀ ಮೆರವಣಿಗೆಯಲ್ಲ, ಉತ್ಸವಮೂರ್ತಿ ಮಾತ್ರ ಎಂದು ಓದಿಕೊಳ್ಳಿ.

ಇಳಿಯುವಾಗಿನ ಇನ್ನೊಂದು ತಲೆನೋವು ಯಾರೂ ಹೆಚ್ಚು ಹೇಳುವುದಿಲ್ಲ. ಗಾಡಿ ಒಂದು ಸುತ್ತು ಹಾಕುವ ಒಂದೂವರೆ ಗಂಟೆಯಲ್ಲಿ ಕೆಳಗೆ ಭೂಮಿಯೂ ತಿರುಗಿರುತ್ತದೆ. ಈಗ ಹಾಸನದ ನೆತ್ತಿಯ ಮೇಲೆ ಹೋಯಿತು ಎಂದಿಟ್ಟುಕೊಳ್ಳಿ. ಮುಂದಿನ ಸುತ್ತಿಗೆ ಅದು ಹಾಯುವುದು ಸುಮಾರು 2,400 ಕಿಲೋಮೀಟರ್ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದಾಚೆಯ ಸೊಕೋತ್ರಾ ದ್ವೀಪದ ಆಸುಪಾಸಿನಲ್ಲಿ. ರನ್‌ವೇ ತನ್ನ ದಾರಿಯ ಕೆಳಗೇ ಬರುವವರೆಗೆ ಕಾಯಬೇಕೆಂದರೆ ದಿನದಲ್ಲಿ ಒಂದೋ ಎರಡೋ ಅವಕಾಶ. ಗಾಳಿಯಲ್ಲಿ ತೇಲುತ್ತ ನೂರಾರು ಕಿಲೋಮೀಟರ್ ಪಕ್ಕಕ್ಕೆ ತಿರುಗಬಲ್ಲ ಗಾಡಿಗೆ ಈ ಅವಕಾಶ ಹೆಚ್ಚು. ಕಲ್ಲಿನ ಹಾಗೆ ಬೀಳುವ ಗಾಡಿಗೆ ಆ ಸೌಕರ್ಯ ಇಲ್ಲ.

ಕೊನೆಯ ಹತ್ತು ನಿಮಿಷ ಅದು ಎಂಜಿನ್ ಇಲ್ಲದ ಗ್ಲೈಡರ್. ನ್ಯೂಟ್ರಲ್‌ನಲ್ಲಿ ಘಾಟಿ ಇಳಿದ ಹಾಗೆ! ಬೆಂಗಳೂರಿಗೆ ಬರುವ ಪ್ರಯಾಣಿಕ ವಿಮಾನ ರನ್‌ವೇ ಕಡೆಗೆ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಷಟಲ್ ಬರುತ್ತಿದ್ದದ್ದು 20 ಡಿಗ್ರಿಯ ಸುಮಾರಿನಲ್ಲಿ. ಇಟ್ಟಿಗೆಗೆ ರೆಕ್ಕೆ ಕಟ್ಟಿದಂತೆ ಎಂದು ಅದರ ಪೈಲಟ್‌ಗಳೇ ನಗುತ್ತಿದ್ದರು. ತಪ್ಪಿದರೆ ಇನ್ನೊಂದು ಸುತ್ತು ಹಾಕಿ ಬರುವ ಅವಕಾಶ ಇಲ್ಲ. ಡ್ರೀಮ್ ಚೇಸರ್‌ನಲ್ಲಿ ಇದೆಲ್ಲವನ್ನೂ ಕಂಪ್ಯೂಟರೇ ಮಾಡಬೇಕು. ಮಾಡಬಹುದು ಎಂದು 1988ರಲ್ಲೇ ಸೋವಿಯತ್ತಿನ ಬಾಹ್ಯಾಕಾಶ ವಿಮಾನ ಬುರಾನ್ ತೋರಿಸಿತ್ತು, 2010ರಿಂದ ಅಮೆರಿಕದ ಸೇನೆಯ ಎಕ್ಸ್-37ಬಿ ತೋರಿಸುತ್ತಲೇ ಇದೆ. ಹಿಂದೆ ಎರಡು ಚಕ್ರ, ಮೂತಿಯ ಕೆಳಗೆ ಚಕ್ರದ ಬದಲು ಜಾರುಪಟ್ಟಿ. ತೂಕ ಉಳಿಸಲು.

ನಿಂತ ಮೇಲೆ ಷಟಲ್‌ಗಿಂತ ಇದು ಒಳ್ಳೆಯ ನೆಂಟ. ಷಟಲ್‌ನ ಚಿಕ್ಕ ಎಂಜಿನ್‌ಗಳ ಇಂಧನ ವಿಷ. ಇಳಿದ ಕೂಡಲೇ ಹತ್ತಿರ ಹೋಗುವವರು ಮೈತುಂಬಾ ರಕ್ಷಾಕವಚ ತೊಡಬೇಕಿತ್ತು. ಡ್ರೀಮ್ ಚೇಸರ್‌ನ 26 ಚಿಕ್ಕ ಎಂಜಿನ್‌ಗಳು ಉರಿಸುವುದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೀಮೆಎಣ್ಣೆ. ಮೊದಲನೆಯದು ಗಾಯ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಸಿಗುವುದರ ತುಂಬಾ ಗಟ್ಟಿ ರೂಪ, ಎರಡನೆಯದು ರೇಷನ್ ಅಂಗಡಿಯಲ್ಲಿ ಸಿಗುತ್ತಿದ್ದುದರ ತುಂಬಾ ಶುದ್ಧ ರೂಪ. ಬೇಗ ಹತ್ತಿರ ಹೋಗಿ ಬಾಗಿಲು ತೆಗೆದು ಮಾದರಿಗಳನ್ನು ಇಳಿಸಿಕೊಳ್ಳಬಹುದು.

ಅಂದಹಾಗೆ ಇಂಥದೊಂದನ್ನು ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ಚಿಕ್ಕಮಗಳೂರಿಗೆ ಅಂಟಿಕೊಂಡಿರುವ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಇಸ್ರೋ ತನ್ನ ಪುಷ್ಪಕ್ ವಿಮಾನವನ್ನು ಮೂರು ಸಲ ಇಳಿಸಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22, ಅದೇ ವರ್ಷ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟುಬಿಡುತ್ತದೆ, ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಬರುತ್ತದೆ. ಮೂರನೇ ಸಲ ಬೇಕೆಂದೇ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ಸರಿಪಡಿಸಿಕೊಂಡು ಬಂದು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ನಿಂತಿತು. ಬಿಸಿಯ ಪರೀಕ್ಷೆಯ ಮೊದಲ ಹೆಜ್ಜೆ 2016ರ ಮೇ 23ರಂದೇ ಆಗಿತ್ತು. ಶ್ರೀಹರಿಕೋಟಾದಿಂದ 65 ಕಿಲೋಮೀಟರ್ ಎತ್ತರಕ್ಕೆ ಹೋಗಿ, ಶಬ್ದದ ಐದು ಪಟ್ಟು ವೇಗದಲ್ಲಿ ಇಳಿದು ಬಂಗಾಳಕೊಲ್ಲಿಗೆ ಬಿತ್ತು. ಕಕ್ಷೆಯಿಂದ ಬರುವಾಗಿನ ವೇಗ ಶಬ್ದದ ಇಪ್ಪತ್ತೈದು ಪಟ್ಟಿನ ಸುಮಾರು. ವೇಗ ಐದು ಪಟ್ಟಾದರೆ ಶಕ್ತಿ ಇಪ್ಪತ್ತೈದು ಪಟ್ಟು. ಪುಷ್ಪಕ್ ಘಾಟಿಯ ಕೆಳಗಿನ ತಿರುವುಗಳನ್ನು ಕಲಿತಿದೆ, ಮೇಲಿನವು ಬಾಕಿ ಇವೆ.

ಟೆನಾಸಿಟಿಗೂ ಆ ಮೇಲಿನ ತಿರುವುಗಳು ಇನ್ನೂ ಬಾಕಿಯೇ. 2023ರ ಕೊನೆಯಿಂದ 2024ರ ಮೇವರೆಗೆ ಒಹಾಯೊದ ನಾಸಾ ಕೇಂದ್ರದಲ್ಲಿ ಅದನ್ನು ರಾಕೆಟ್ಟಿನ ಹಾಗೆ ಗಡಗಡ ಅಲುಗಾಡಿಸಿದರು, ಗಾಳಿ ಇಲ್ಲದ ದೊಡ್ಡ ಕೋಣೆಯಲ್ಲಿ ಕಾಯಿಸಿದರು, ತಣಿಸಿದರು. ಅಲ್ಲಿಂದ ಫ್ಲಾರಿಡಾಕ್ಕೆ ಹೋಯಿತು. ವಲ್ಕನ್ ರಾಕೆಟ್ಟಿನ ಎರಡನೇ ಹಾರಾಟದಲ್ಲಿ ಇದು ಹೋಗಬೇಕಿತ್ತು. ಸಿದ್ಧವಾಗದ ಕಾರಣ 2024ರ ಅಕ್ಟೋಬರ್‌ನಲ್ಲಿ ಅದರ ಜಾಗದಲ್ಲಿ ಬರೀ ಭಾರ ಇಟ್ಟು ಹಾರಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಒಪ್ಪಂದವನ್ನೇ ತಿದ್ದಿತು. ಮೊದಲ ಹಾರಾಟ ನಿಲ್ದಾಣಕ್ಕಲ್ಲ. ಗಾಡಿ ಒಂಟಿಯಾಗಿ ಮೇಲೆ ಹೋಗಿ, ಸುತ್ತಿ, ಇಳಿದು ತೋರಿಸಲಿ. ಗುರಿ 2026ರ ಕೊನೆ. ಆಮೇಲಿನ ಟ್ರಿಪ್ಪುಗಳು ಇಷ್ಟೇ ಎಂಬ ಖಾತರಿಯೂ ಈಗ ಇಲ್ಲ. ನಿಲ್ದಾಣಕ್ಕೇ 2030ರವರೆಗೆ ಆಯುಸ್ಸು ಎಂದು ನಿಗದಿಯಾಗಿರುವಾಗ ಇದಕ್ಕೆ ಸಿಗುವ ಕೆಲಸ ಎಷ್ಟು ಎಂದು ನನಗೆ ಸ್ವಲ್ಪ ಬೇಸರವೇ ಆಯಿತು. ಹತ್ತು ವರ್ಷ ಕಾದು ಗುತ್ತಿಗೆ ಹಿಡಿದು, ಊರಿನ ಸಂತೆ ಮುಗಿಯುವ ಹೊತ್ತಿಗೆ ಗಾಡಿ ಕಟ್ಟಿದ ಹಾಗೆ. ಮುಂದೆ ಖಾಸಗಿ ನಿಲ್ದಾಣಗಳು ಬಂದರೆ ಬಾಡಿಗೆ ಸಿಕ್ಕೀತು.

ಇದನ್ನೆಲ್ಲ ಹೇಳಿದಾಗ ಚಿಕ್ಕಪ್ಪನಿಗೆ ಬೇಸರವೇನೂ ಆಗಲಿಲ್ಲ. ವಿಡಿಯೊವನ್ನು ಮತ್ತೊಮ್ಮೆ ಹಾಕಿ, ಟ್ರಕ್ಕಿನ ಹಿಂದೆ ಓಡುವ ಆ ಕಪ್ಪು ಹೊಟ್ಟೆಯ ಗಾಡಿಯನ್ನೇ ನೋಡುತ್ತ ಕೂತರು.

‘ಸರಿಯಾಗೇ ಮಾಡವ್ರೆ ಬಿಡು’ ಎಂದರು. ‘ಹೊಸಾ ಗಾಡಿ, ಹೊಸಾ ಘಾಟಿ. ಮೊದ್ಲ್ನೇ ಟ್ರಿಪ್ಪಿಗೆ ಯಾರ್ಲಾ ಲೋಡ್ ಹಾಕ್ತಾರೆ?’